ನಾಣ್ಯ ನುಂಗುವ ಪೆಟ್ಟಿಗೆ

ನಾನು ಹುಡುಗನಾಗಿದ್ದಾಗ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಬದಲಿಸುವ ಸಂದರ್ಭ ಬಂದಾಗಲೆಲ್ಲ ಕಣ್ಣು ತೂಕದ ಯಂತ್ರದ ಕಡೆಗೇ ಓಡುತ್ತಿತ್ತು. ಅದರ ಮೇಲೆ ನಿಂತು, ಬಣ್ಣದ ದೀಪಗಳು ಮಿನುಗಿ ಚಕ್ರ ನಿಂತ ಮೇಲೆ ನಾಣ್ಯ ಹಾಕಿದರೆ, ಒಂದು ಕಡೆ ತೂಕವೂ ಇನ್ನೊಂದು ಕಡೆ ಭವಿಷ್ಯವೂ ಅಚ್ಚಾದ ಪುಟ್ಟ ರಟ್ಟಿನ ಚೀಟಿ ಹೊರಬೀಳುತ್ತಿತ್ತು. ಒಮ್ಮೊಮ್ಮೆ ನಾಣ್ಯ ಒಳಗೆ ಹೋಗಿ ಚೀಟಿ ಬರುತ್ತಿರಲಿಲ್ಲ. ಆಗ ನಮ್ಮ ತಂದೆಯವರು ಯಂತ್ರದ ಪಕ್ಕೆಗೆ ಎರಡು ಗುದ್ದು ಕೊಡುತ್ತಿದ್ದರು. ನಮ್ಮ ಮನೆತನದ ರಿಪೇರಿ ವಿದ್ಯೆ ಅಷ್ಟರಲ್ಲೇ ಮುಗಿಯುತ್ತಿತ್ತು.

ಇದೆಲ್ಲ ನೆನಪಾದದ್ದು 2022ರ ಬೇಸಿಗೆಯಲ್ಲಿ, ಬೇಲೂರಿನ ನಮ್ಮ ಬೀದಿಯ ತುದಿಯಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ನೀರು. ಅರಸೀಕೆರೆ ತಾಲ್ಲೂಕಿನಲ್ಲಿ ಕೆಲವು ವರ್ಷ ಪಾಠ ಹೇಳಿದವನು ನಾನು. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಕಂದು ಕಲೆ ಬಿದ್ದ ಮಕ್ಕಳ ಹಲ್ಲುಗಳನ್ನು ಕಂಡಿದ್ದೇನೆ. ಆದ್ದರಿಂದ ಇಂಥ ಘಟಕಗಳ ಬಗ್ಗೆ ಯಾರಾದರೂ ಹಗುರವಾಗಿ ಮಾತನಾಡಿದರೆ ನನಗೆ ಸೈರಿಸದು.

ಅಂದು ಹೂ ಮಾರುವ ಅಜ್ಜಿಯೊಬ್ಬರು ಖಾಲಿ ಕ್ಯಾನ್ ಹಿಡಿದು ನಿಂತಿದ್ದರು. "ಎರಡು ದಿನದಾಗೆ ಮೂರು ಕಾಸು ನುಂಗ್ತು ಮೇಷ್ಟ್ರೇ, ಒಂದು ತೊಟ್ಟು ನೀರು ಬರ್ಲಿಲ್ಲ" ಎಂದರು. ಘಟಕ ನೋಡಿಕೊಳ್ಳುವ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ನಾನು, "ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇರುತ್ತಪ್ಪಾ?" ಎಂದುಬಿಟ್ಟೆ. ಅದು ಪ್ರಶ್ನೆಯಲ್ಲ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಾಯಿತು. ಅವನು ತಲೆ ತಗ್ಗಿಸಿ ಸುಮ್ಮನಾದ.

ಮರುದಿನ ಬೆಳಗ್ಗೆ ಆರು ಗಂಟೆಗೆ ಅವನು ನಮ್ಮ ಮನೆಯ ಬಾಗಿಲಲ್ಲಿದ್ದ. "ಸಾರ್, ಕೀ ತಂದಿದೀನಿ. ನೀವೇ ಬಂದು ತೆಗೆದು ನೋಡಿ."

ವಿದ್ಯುತ್ ಆರಿಸಿ ಮುಚ್ಚಳ ಬಿಚ್ಚಿದೆವು. ಒಳಗಿನ ಏರ್ಪಾಡು ಸರಳವಾದದ್ದು. ತಂತಿಯ ಸುರುಳಿಗಳ ನಡುವೆ ಒಂದು ಮಾದರಿ ನಾಣ್ಯವನ್ನು ಸದಾ ಸಿಕ್ಕಿಸಿಟ್ಟಿರುತ್ತಾರೆ. ನಾವು ಹಾಕಿದ ನಾಣ್ಯ ಪಕ್ಕದ ಹಾದಿಯಲ್ಲಿ ಉರುಳುವಾಗ ಸುರುಳಿಯ ಕಾಂತಕ್ಷೇತ್ರವನ್ನು ಕದಡುತ್ತದೆ. ಮಾದರಿ ನಾಣ್ಯ ಕದಡಿದಂತೆಯೇ ಇದೂ ಕದಡಿದರೆ ಗೇಟು ತೆರೆದು ನಾಣ್ಯ ಪೆಟ್ಟಿಗೆಗೆ ಬೀಳುತ್ತದೆ, ಮೋಟಾರು ಓಡುತ್ತದೆ. ಗಾತ್ರವೋ ದಪ್ಪವೋ ಲೋಹವೋ ಬೇರೆಯಾದರೆ ನಾಣ್ಯ ಕೆಳಗಿನ ಕಿಂಡಿಯಿಂದ ಹಿಂದಿರುಗಬೇಕು.

ಹಿಂದಿರುಗುವ ಆ ಹಾದಿಯ ತಿರುವಿನಲ್ಲಿ ಕುಂಕುಮ, ಎಣ್ಣೆ, ಧೂಳು ಸೇರಿ ಕರಿಯ ಅಂಟು ಕಟ್ಟಿತ್ತು. ಮಂಗಳಾರತಿ ತಟ್ಟೆಯಿಂದ ಅಂಗಡಿಗೆ, ಅಂಗಡಿಯಿಂದ ಇಲ್ಲಿಗೆ ಬರುವ ನಾಣ್ಯಗಳಲ್ಲವೇ! ಆ ಅಂಟಿಗೆ ಸಿಕ್ಕಿಕೊಂಡು ಒಂದರ ಮೇಲೊಂದು ಏಳು ನಾಣ್ಯಗಳು ಕುಳಿತಿದ್ದವು. ಎಲ್ಲಕ್ಕಿಂತ ಕೆಳಗೆ ಇದ್ದದ್ದು 2019ರ ಸರಣಿಯ ಹೊಸ ಐದು ರೂಪಾಯಿ.

ಎಲ್ಲವನ್ನೂ ಒರೆಸಿ, ನನ್ನ ಹಳೆಯ ಚಾಳಿಯಂತೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೋಷ್ಟಕ ಬರೆದು, ಮನೆಯ ಡಬ್ಬಿಯಲ್ಲಿದ್ದ ಐದು ರೂಪಾಯಿಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆವು. ತೊಂಬತ್ತರ ದಶಕದ ದಪ್ಪ ಬಿಳಿ ನಾಣ್ಯ 9 ಗ್ರಾಂ, ವಾಪಸು. 2007ರ ಸ್ಟೀಲಿನದು 6 ಗ್ರಾಂ, 23 ಮಿಲಿಮೀಟರ್, ಅಯಸ್ಕಾಂತಕ್ಕೆ ಅಂಟುತ್ತದೆ, ವಾಪಸು. 2009ರಿಂದ ಬಂದ ಹಿತ್ತಾಳೆ ಬಣ್ಣದ್ದಕ್ಕೂ ಅದೇ ತೂಕ, ಅದೇ ಅಗಲ, ಆದರೆ ಲೋಹ ಬೇರೆ. ಮಾದರಿಯಾಗಿ ಇಟ್ಟದ್ದು ಅದನ್ನೇ. ಅದಕ್ಕೆ ನೀರು ಬಂತು. 2019ರದ್ದು 25 ಮಿಲಿಮೀಟರ್; ಸೀಳಿನಲ್ಲಿ ತೂರಿತು, ಅಂಟು ತೆಗೆದಿದ್ದರಿಂದ ತಿರುವಿನಲ್ಲೂ ಸಲೀಸಾಗಿ ಜಾರಿ ಹೊರಬಂತು. ಇವೆಲ್ಲವೂ ಸರ್ಕಾರದ ಐದು ರೂಪಾಯಿಗಳೇ, ಎಲ್ಲಕ್ಕೂ ಬೆಲೆ ಒಂದೇ. ಯಂತ್ರ ಬಲ್ಲದ್ದು ಮಾತ್ರ ಒಂದನ್ನೇ.

ಸರಿಯಾದ ನಾಣ್ಯವೂ ಆಗಾಗ ವಾಪಸಾಗುತ್ತಿತ್ತು. ನೋಡಿದರೆ ಮಾದರಿ ನಾಣ್ಯವೇ ತನ್ನ ಜಾಗದಲ್ಲಿ ಓರೆಯಾಗಿ ನಿಂತಿತ್ತು. ಹುಡುಗ ಅದನ್ನು ಉಗುರಿನಿಂದ ಒತ್ತಿ ನೆಟ್ಟಗೆ ಕೂರಿಸಿ ತಿರುಪು ಬಿಗಿದ. ಅವನು ತರಗತಿಯಲ್ಲಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದ ಹುಡುಗನೆಂದಷ್ಟೇ ನನಗೆ ನೆನಪು. ಅವನ ಕೈಚಳಕ ನನ್ನ ಕಣ್ಣಿಗೆ ಎಂದೂ ಬಿದ್ದಿರಲಿಲ್ಲ.

ಅಷ್ಟು ಹೊತ್ತಿಗೆ ಜನ ಸೇರಿದ್ದರು. ಸಾಲಿನ ಎದುರು ಆಡಿದ ಮಾತನ್ನು ಸಾಲಿನ ಎದುರೇ ಹಿಂದಕ್ಕೆ ಪಡೆಯಬೇಕಿತ್ತು. "ನಿನ್ನೆ ನಾನು ಕೇಳಿದ್ದು ತಪ್ಪು. ಈ ಹುಡುಗ ಒಂದು ಪೈಸೆಯನ್ನೂ ಮುಟ್ಟಿಲ್ಲ, ಕಾಸೆಲ್ಲ ಇಲ್ಲೇ ಸಿಕ್ಕಿಕೊಂಡಿತ್ತು" ಎಂದು ಏಳೂ ನಾಣ್ಯಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದೆ. ಹೇಳುವಾಗ ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿಸಿತು. ಹುಡುಗ ಮಾತ್ರ, "ಬಿಡಿ ಸಾರ್" ಎಂದು ಸ್ಕ್ರೂಡ್ರೈವರ್ ಒರೆಸತೊಡಗಿದ.

ಅಜ್ಜಿ ತಮ್ಮ ಮೂರು ನಾಣ್ಯಗಳನ್ನು ಎಣಿಸಿ ಸೆರಗಿಗೆ ಕಟ್ಟಿಕೊಂಡರು. "ಮೇಷ್ಟ್ರು ತಪ್ಪು ಒಪ್ಕೊಂಡಿದ್ದು ಇವತ್ತೇ ಕಂಡೆ" ಎಂದು ನಕ್ಕು, ಮತ್ತೆ ಗಂಟು ಬಿಚ್ಚಿ ಒಂದನ್ನು ತೆಗೆದು, ಇದು ಆಗುತ್ತದೆಯೇ ಎಂದು ಹುಡುಗನಿಗೆ ತೋರಿಸಿದರು. ಅವನು ತಿರುಗಿಸಿ ನೋಡಿ, ತನ್ನ ಡಬ್ಬಿಯಿಂದ ಬೇರೊಂದನ್ನು ಬದಲಿಗೆ ಕೊಟ್ಟ.