ಹಿಂದಕ್ಕೆ ಹರಿಯುವ ಹೊಳೆ

ಎರಡು ತಿಂಗಳಿಂದ ಇಲ್ಲಿ ಏನನ್ನೂ ಬರೆಯಲಾಗಲಿಲ್ಲ. ಆರೋಗ್ಯ ಸರಿಯಿಲ್ಲವೇನೋ ಎಂದು ಹಳೆಯ ವಿದ್ಯಾರ್ಥಿಗಳು ಕೆಲವರು ದೂರವಾಣಿ ಮಾಡಿ ವಿಚಾರಿಸಿದರು. ಆರೋಗ್ಯ ಚೆನ್ನಾಗಿಯೇ ಇದೆ. ನಾನೊಂದು ನದಿಯಾನದ ಸಿದ್ಧತೆಯಲ್ಲಿ ತೊಡಗಿದ್ದೆ. ಅದೂ ಲಂಡನ್ ನಗರದ ಥೇಮ್ಸ್ ನದಿಯಲ್ಲಿ, ಖಾಸಗಿ ಮೋಟಾರು ದೋಣಿಯಲ್ಲಿ! ದೊಡ್ಡಉಳ್ಳಾರ್ತಿಯ ಮನುಷ್ಯನ ಬಾಯಲ್ಲಿ ಈ ಮಾತು ಕೇಳಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ನಮ್ಮ ಚಳ್ಳಕೆರೆ ಸೀಮೆಯ ವಿಷಯ ನಿಮಗೆ ಹೇಳಬೇಕಿಲ್ಲ. ಮಳೆಯ ಲೆಕ್ಕದಲ್ಲಿ ರಾಜ್ಯದ ಕೊನೆಯ ಸಾಲಿನ ತಾಲ್ಲೂಕು. ಶೇಂಗಾ ಬಿತ್ತಿ ಆಕಾಶ ನೋಡುವವರು ನಾವು. ಇರುವ ಒಂದು ವೇದಾವತಿಯನ್ನು ಹಿರಿಯೂರಿನ ಮೇಲುಗಡೆ ಮಾರಿಕಣಿವೆಯಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿ ವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ನಡುವೆ ಎಂಬತ್ತೊಂಬತ್ತು ವರ್ಷ! ಹರಿಯುವ ಹೊಳೆಯನ್ನೇ ಕಾಣದ ಮಕ್ಕಳಿಗೆ ನಾನು ಮೂವತ್ತನಾಲ್ಕು ವರ್ಷ ಭೂಗೋಳ ಪಾಠ ಮಾಡಿದೆ. ಗೋಡೆಯ ಮೊಳೆಗೆ ಭೂಪಟ ತಗುಲಿ ಹಾಕಿ, ಬೆತ್ತದ ತುದಿಯಿಂದ ಇದು ಥೇಮ್ಸ್, ಇದು ಸೀನ್, ಇದು ಡ್ಯಾನ್ಯೂಬ್ ಎಂದು ತೋರಿಸಿದೆ. ‘ಹೊಂದಿಸಿ ಬರೆಯಿರಿ’ಯಲ್ಲಿ ಥೇಮ್ಸ್‌ಗೆ ಲಂಡನ್, ಸೀನ್‌ಗೆ ಪ್ಯಾರಿಸ್ ಹೊಂದಿಸಿದವರಿಗೆ ಒಂದೊಂದು ಅಂಕ ಕೊಟ್ಟೆ. ನಾನು ಸ್ವತಃ ದೋಣಿ ಹತ್ತಿದ್ದು ಒಂದೇ ಸಲ. ಶಾಲಾ ಪ್ರವಾಸದಲ್ಲಿ ಹಂಪಿಯಿಂದ ಆನೆಗೊಂದಿಗೆ ಹರಿಗೋಲಿನಲ್ಲಿ ತುಂಗಭದ್ರೆಯನ್ನು ದಾಟಿದ್ದೆ. ಆಗಲೂ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದೆನೆಂಬುದನ್ನು ಆ ದಿನ ಜೊತೆಗಿದ್ದ ವಿದ್ಯಾರ್ಥಿಗಳು ಮರೆತಿರಲಾರರು.

ನಮ್ಮ ಮಗಳು ಅಳಿಯ ಲಂಡನ್ನಿನಲ್ಲಿದ್ದಾರೆ. ಬರುವ ಬೇಸಿಗೆಗೆ ನಾವಿಬ್ಬರೂ ಹೋಗಿಬರುವುದೆಂದು ತೀರ್ಮಾನವಾಯಿತು. ಈ ಸುದ್ದಿ ತಿಳಿದು ಅಲ್ಲಿಯೇ ಇಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪತ್ರ ಬರೆದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ತರಗತಿಯವರು ಊಹಿಸಬಲ್ಲಿರಿ. ಮೂವರು ಗೆಳೆಯರು ಸೇರಿ ಹಳೆಯದೊಂದು ಮೋಟಾರು ದೋಣಿಯನ್ನು ಕೊಂಡಿದ್ದಾರಂತೆ. ಇಪ್ಪತ್ತೆಂಟು ಅಡಿ ಉದ್ದ, ಒಳಗೆ ಮಲಗಲು ಜಾಗ, ಚಹಾ ಕಾಯಿಸಲು ಒಲೆ. “ಟಿಕೆಟ್ ದೋಣಿಯಲ್ಲಿ ಮೈಕಿನವನು ಹೇಳಿದ್ದನ್ನು ಕೇಳಿಕೊಂಡು ಬರುವುದು ಬೇಡ ಸಾರ್. ನಮ್ಮ ದೋಣಿಯಲ್ಲಿ ಹೋಗೋಣ. ಎಲ್ಲಿಂದ ಎಲ್ಲಿಗೆ ಎಂಬುದನ್ನು ನೀವೇ ನಿರ್ಧರಿಸಿ, ಭೂಪಟ ನೀವು ಹಾಕಿ ಕಳುಹಿಸಿ” ಎಂದು ಬರೆದಿದ್ದ.

ನಿವೃತ್ತ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಗೌರವ ಬೇರೇನಿದೆ? ಡ್ರಾಯಿಂಗ್ ಹಾಳೆ, ಬಣ್ಣದ ಪೆನ್ಸಿಲ್, ಅಳತೆಪಟ್ಟಿ ಮೇಜಿನ ಮೇಲೆ ಬಂದವು. ಟೆಡ್ಡಿಂಗ್‌ಟನ್ ಎಂಬಲ್ಲಿನ ಕಟ್ಟೆಯಿಂದ ಹೊರಟು ರಿಚ್ಮಂಡ್, ಹ್ಯಾಮರ್‌ಸ್ಮಿತ್, ಚೆಲ್ಸಿ, ವೆಸ್ಟ್‌ಮಿನ್‌ಸ್ಟರ್ ದಾಟಿ ಟವರ್ ಬ್ರಿಜ್‌ವರೆಗೆ ಸುಮಾರು 30 ಕಿಲೋಮೀಟರ್. ವ್ಯಾಂಡ್ಸ್‌ವರ್ತ್ ಸೇತುವೆಯ ಮೇಲುಗಡೆ 8 ನಾಟ್, ಎಂದರೆ ಗಂಟೆಗೆ ಸುಮಾರು 15 ಕಿಲೋಮೀಟರ್ ಮೀರಬಾರದೆಂಬ ನಿಯಮವಿದೆ. ಮೂವತ್ತನ್ನು ಹದಿನೈದರಿಂದ ಭಾಗಿಸಿದೆ: ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಊಟದ ಹೊತ್ತಿಗೆ ವಾಪಸು. ಭಾನುವಾರವೊಂದನ್ನು ಗುರುತು ಮಾಡಿ, ಸೇತುವೆಗಳಿಗೆಲ್ಲ ಕ್ರಮಸಂಖ್ಯೆ ಕೊಟ್ಟು, ನಕಾಶೆಯ ಫೋಟೋ ತೆಗೆದು ಕಳುಹಿಸಿದೆ.

ಆ ನಕಾಶೆಯಲ್ಲಿ ಒಂದು ಜಾಗಕ್ಕೆ ಮಾತ್ರ ಕೇಸರಿ ಬಣ್ಣ ಹಾಕಿದ್ದೆ. ಲ್ಯಾಂಬೆತ್‌ನಲ್ಲಿ, ಪಾರ್ಲಿಮೆಂಟಿನ ಎದುರು ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ ನಮ್ಮ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದರು. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕನ್ನಡಿಗ ನೀರಜ್ ಪಾಟೀಲರ ಪ್ರಯತ್ನದಿಂದ ಆದ ಕೆಲಸ ಅದು. ನೀರಿನ ಮೇಲಿನಿಂದ ಅಣ್ಣನವರನ್ನು ನೋಡಬೇಕೆಂಬುದು ನನ್ನಾಕೆಯ ಒಂದೇ ಬೇಡಿಕೆ.

ಇಲ್ಲಿ ಒಂದು ಮಾತು ಹೇಳದಿರಲಾರೆ. ನಮ್ಮ ರಾಜಧಾನಿಗೆ ದೋಣಿ ಬಿಡುವಂಥ ನದಿಯಿಲ್ಲ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟುತ್ತಾಳೆಂದು ಹೇಳುವ ವೃಷಭಾವತಿಯನ್ನು ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ದಾಟಿದ್ದೇವೆ. ಥೇಮ್ಸ್ ಕೂಡ ಹೀಗೆಯೇ ಇತ್ತು. 1858ರ ಬೇಸಿಗೆಯಲ್ಲಿ ಅದರ ದುರ್ನಾತ ತಡೆಯಲಾರದೆ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ರಾಸಾಯನಿಕದಲ್ಲಿ ಅದ್ದಿ ತೂಗುಹಾಕಿದ್ದರಂತೆ. ನಾತ ತಮ್ಮ ಮೂಗಿಗೇ ಬಡಿದ ಮೇಲೆ ಸದಸ್ಯರು ಹಣ ಮಂಜೂರು ಮಾಡಿದರು. ಜೋಸೆಫ್ ಬ್ಯಾಝಲ್ಗೆಟ್ ಎಂಬ ಇಂಜಿನಿಯರ್ ಒಳಚರಂಡಿ ಕಟ್ಟಿದ. ಬಸವಣ್ಣನವರು ನಿಂತಿರುವ ದಂಡೆಯೂ ಅವನೇ ಕಟ್ಟಿಸಿದ್ದು. ವಿಧಾನಸೌಧವನ್ನು ವೃಷಭಾವತಿಯ ದಂಡೆಯ ಮೇಲೆ ಕಟ್ಟಬೇಕಿತ್ತೇನೋ!

ಮೂರು ದಿನದ ಮೇಲೆ ಉತ್ತರ ಬಂತು. “ನಕಾಶೆ ನಿಮ್ಮ ಬೋರ್ಡಿನ ನಕಾಶೆಯ ಹಾಗೆಯೇ ಇದೆ ಸಾರ್, ತುಂಬ ಸಂತೋಷವಾಯಿತು. ಒಂದೇ ಒಂದು ಸಣ್ಣ ತಿದ್ದುಪಡಿ. ನೀವು ಬರೆದ ದಿನ ಆ ಹೊತ್ತಿಗೆ ನದಿ ಹಿಂದಕ್ಕೆ ಹರಿಯುತ್ತಿರುತ್ತದೆ.”

ಈ ವಾಕ್ಯವನ್ನು ಓದಿದವನು ಕುರ್ಚಿಯಿಂದ ಏಳಲಿಲ್ಲ.

1992ನೆಯ ಇಸವಿ ಇರಬೇಕು. ಒಂಬತ್ತನೆಯ ತರಗತಿ. ನದಿಗಳು ಎತ್ತರದಿಂದ ತಗ್ಗಿಗೆ ಹರಿಯುತ್ತವೆ, ಪರ್ವತದಲ್ಲಿ ಹುಟ್ಟಿ ಸಮುದ್ರ ಸೇರುತ್ತವೆ ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ತಂದೆ ಶೇಂಗಾಎಣ್ಣೆಯ ಲಾರಿಯಲ್ಲಿ ಕ್ಲೀನರ್. ದಸರಾ ರಜೆಯಲ್ಲಿ ಮಗನನ್ನೂ ಲಾರಿಯಲ್ಲಿ ಮಂಗಳೂರಿಗೆ ಕರೆದೊಯ್ದಿದ್ದ. “ಸಾ, ಹೊಳೆ ಹಿಂದಕ್ಕೂ ಹರೀತೈತೆ ಸಾ. ಮಂಗಳೂರಾಗೆ ನಾನೇ ನೋಡಿದೀನಿ” ಎಂದ.

ನಾನು ಏನು ಹೇಳಬಹುದಿತ್ತು! ಏನು ನೋಡಿದೆ, ಎಷ್ಟು ಹೊತ್ತಿಗೆ ನೋಡಿದೆ ಎಂದು ಕೇಳಬಹುದಿತ್ತು. ಅದೇ ಪುಸ್ತಕದಲ್ಲಿ ಮುಂದೆ ಉಬ್ಬರವಿಳಿತದ ಪಾಠವಿತ್ತು. ಸೂರ್ಯ ಚಂದ್ರರ ಆಕರ್ಷಣೆಯಿಂದ ಸಮುದ್ರದ ನೀರು ಏರಿ ಇಳಿಯುವುದೆಂಬ ಎರಡು ಅಂಕದ ವ್ಯಾಖ್ಯೆ ನನಗೆ ಕಂಠಪಾಠವಾಗಿತ್ತು. ಆ ಏರುವ ನೀರು ನದಿಯ ಬಾಯಿಯೊಳಗೆ ನುಗ್ಗಿದರೆ ಏನಾಗುತ್ತದೆಂದು ಮಾತ್ರ ನಾನು ಯೋಚಿಸಿಯೇ ಇರಲಿಲ್ಲ. “ಹೊಳೆ ಹಿಂದಕ್ಕೆ ಹರಿಯಲಿಲ್ಲ ಕಣೋ, ನಿಮ್ಮಪ್ಪನ ಲಾರಿ ರಿವರ್ಸ್ ಗೇರಿನಲ್ಲಿತ್ತು” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಹುಡುಗ ಕುಳಿತ. ಒಂದು ತಿಂಗಳ ಮೇಲೆ ಉಬ್ಬರವಿಳಿತದ ಪಾಠ ಮಾಡುವಾಗ ಅವನು ನನ್ನನ್ನೇ ನೋಡುತ್ತಿದ್ದ. ಕೈ ಎತ್ತಲಿಲ್ಲ. ಅಷ್ಟರಲ್ಲಿ ಶಾಲೆಯಲ್ಲೆಲ್ಲ ಅವನ ಹೆಸರು ‘ರಿವರ್ಸ್ ಗೇರ್’ ಎಂದಾಗಿತ್ತು. ಆ ಹೆಸರಿನಿಂದ ಅವನನ್ನು ಕರೆದ ನಿಮ್ಮಲ್ಲಿ ಕೆಲವರು ಈಗ ಇದನ್ನು ಓದುತ್ತಿದ್ದೀರಿ. ತಪ್ಪು ನಿಮ್ಮದಲ್ಲ, ಹೆಸರಿಟ್ಟವನು ನಾನು.

ಆ ತಿದ್ದುಪಡಿಯನ್ನು ಅವನು ಬೇಕೆಂದೇ ಆ ಮಾತುಗಳಲ್ಲಿ ಬರೆದನೋ, ಸಹಜವಾಗಿ ಬಂತೋ ನನಗೆ ತಿಳಿಯಲಿಲ್ಲ. ಒಡನೆ ಕೇಳುವ ಧೈರ್ಯವೂ ಬರಲಿಲ್ಲ. ಅದರ ಬದಲು, ಪರೀಕ್ಷೆಯ ಭಯ ಹಿಡಿದ ಹುಡುಗನಂತೆ, ಥೇಮ್ಸ್ ನದಿಯ ಉಬ್ಬರವನ್ನು ಓದತೊಡಗಿದೆ.

ಲಂಡನ್ ಸೇತುವೆಯ ಬಳಿ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ದೊಡ್ಡ ಉಬ್ಬರದ ದಿನಗಳಲ್ಲಿ ಆ ಏರಿಳಿತ ಸುಮಾರು 7 ಮೀಟರ್, ಎಂದರೆ ಎರಡಂತಸ್ತಿನ ಮನೆಯಷ್ಟು. ಸಮುದ್ರದಿಂದ ಅಷ್ಟು ದೂರ ಒಳಗೆ ಬಂದ ಉಬ್ಬರ ಟೆಡ್ಡಿಂಗ್‌ಟನ್ ಕಟ್ಟೆಯಲ್ಲಿ ನಿಲ್ಲುತ್ತದೆ. ಲಂಡನ್ ಸೇತುವೆಯಲ್ಲಿ ನೀರು ತುಂಬಿದ ಸುಮಾರು ಒಂದು ಗಂಟೆಯ ಮೇಲೆ ಅಲ್ಲಿ ತುಂಬುತ್ತದೆ. ದಿನದಿಂದ ದಿನಕ್ಕೆ ವೇಳೆ ಐವತ್ತು ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ, ಏಕೆಂದರೆ ಚಂದ್ರೋದಯವೂ ಹಾಗೆಯೇ ಹೋಗುತ್ತದೆ. ಆದ್ದರಿಂದ ದೋಣಿಯವರು ಭಾನುವಾರ ಸೋಮವಾರ ನೋಡುವುದಿಲ್ಲ, ಚಂದ್ರನನ್ನು ನೋಡುತ್ತಾರೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಲಂಡನ್ ಸೇತುವೆಯಲ್ಲಿ ಬೇಸಿಗೆಯ ಗಡಿಯಾರದಂತೆ ಮಧ್ಯಾಹ್ನ ಮೂರರ ಹೊತ್ತಿಗೆ ನೀರು ತುಂಬುತ್ತದೆ, ಅಷ್ಟಮಿಯ ಸುಮಾರಿಗೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ. ನಮ್ಮ ಗೋಡೆಯ ಪಂಚಾಂಗವನ್ನು ನೋಡಿ ಥೇಮ್ಸ್ ನದಿಯ ವೇಳೆಯನ್ನು ಸುಮಾರಾಗಿ ಹೇಳಬಹುದೆಂದು ಗೊತ್ತಾದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮತ್ತೊಂದು ತೊಡಕಿತ್ತು. ನೀರು ಇಳಿದಾಗ ದೋಣಿ ಕೆಳಗಿರುತ್ತದೆ, ದಂಡೆಯ ಕಲ್ಲುಗೋಡೆ ಎತ್ತರಕ್ಕೆ ನಿಂತು ಬಸವಣ್ಣನವರನ್ನು ಮರೆಮಾಡುತ್ತದೆ. ನೀರು ತುಂಬಿದಾಗಲೇ ಲ್ಯಾಂಬೆತ್ ತಲುಪಬೇಕು. ಹಾಗೆ ತಲುಪಬೇಕಾದರೆ ಏರುವ ನೀರಿಗೆ ಎದುರಾಗಿಯೇ ಹೋಗಬೇಕು, ಎರಡು ಗಂಟೆಯ ದಾರಿಗೆ ಎರಡೂವರೆ ಬೇಕು. ಹೆಚ್ಚು ನೀರಿದ್ದರೆ ಸೇತುವೆಗಳ ಕೆಳಗಿನ ತೆರಪು ಕಿರಿದಾಗುತ್ತದೆ. ಇವನ ದೋಣಿ ಗಿಡ್ಡವಾದುದರಿಂದ ಆ ಚಿಂತೆಯಿಲ್ಲ. ಪಾರ್ಲಿಮೆಂಟಿನ ಗೋಡೆಯಿಂದ 70 ಮೀಟರ್ ಒಳಗೆ ಯಾವ ದೋಣಿಯೂ ಸುಳಿಯಬಾರದು. ಅದೂ ನಮಗೆ ಅನುಕೂಲವೇ. ನೀರಿನ ಮೇಲೆ ಬಲಗಡೆಗೆ ಚಲಿಸುವುದು ನಿಯಮ, ಕೆಳಮುಖವಾಗಿ ಹೋಗುವಾಗ ಲ್ಯಾಂಬೆತ್ ದಂಡೆ ಬಲಕ್ಕೇ ಬರುತ್ತದೆ. ಟವರ್ ಬ್ರಿಜ್ ಪಕ್ಕದ ಸೇಂಟ್ ಕ್ಯಾಥರೀನ್ ಡಾಕ್‌ನ ಬಾಗಿಲನ್ನು ಉಬ್ಬರದ ಆಸುಪಾಸಿನ ಕೆಲವು ಗಂಟೆ ಮಾತ್ರ ತೆರೆಯುತ್ತಾರೆ. ಅಷ್ಟರೊಳಗೆ ಒಳಸೇರಿ ರಾತ್ರಿ ಅಲ್ಲಿಯೇ ತಂಗುವುದು. ಮರುದಿನ, ಏರುವ ನೀರಿನೊಂದಿಗೆ ವಾಪಸು.

ಇಷ್ಟನ್ನೂ ಲೆಕ್ಕ ಹಾಕಿ ಅಷ್ಟಮಿಯ ದಿನ ಪ್ರಶಸ್ತವೆಂದು ಬರೆಯಲು ಹೊರಟೆ. ನನ್ನಾಕೆ ಬಿಡಲಿಲ್ಲ. “ಅಷ್ಟಮಿ ನವಮಿ ಯಾರಾದರೂ ಪ್ರಯಾಣ ಹೊರಡ್ತಾರೇನ್ರಿ, ಅದೂ ನೀರಿನ ಮೇಲೆ? ದಶಮಿ ಇಟ್ಕೊಳ್ಳಿ.” ಮೂಢನಂಬಿಕೆಯ ಮೇಲೆ ಶಾಲೆಯಲ್ಲಿ ಮಾಡುತ್ತಿದ್ದ ಭಾಷಣವನ್ನು ಶುರುಮಾಡುವ ಮೊದಲು ಸುಮ್ಮನೆ ಲೆಕ್ಕ ಹಾಕಿದೆ. ಅಷ್ಟಮಿಯಂದು ಬೆಳಗಿನ ಆರೂವರೆಗೆ ಹೊರಡಬೇಕಿತ್ತು. ದಶಮಿಯಂದು ನೀರು ತುಂಬುವುದು ಹನ್ನೊಂದರ ಸುಮಾರಿಗೆ, ತಿಂಡಿ ತಿಂದು ಎಂಟೂವರೆಗೆ ಹೊರಟರೆ ಸಾಕು. ಭಾಷಣವನ್ನು ನುಂಗಿಕೊಂಡೆ. ದಶಮಿಯೆಂದೇ ಬರೆದೆ.

ಹೊಸ ನಕಾಶೆಯೊಂದಿಗೆ ಈ ಸಲ ಒಂದು ಪತ್ರವನ್ನೂ ಬರೆದೆ. 1992ರ ಆ ತರಗತಿಯನ್ನು ನೆನಪಿಸಿ, ನೀನು ಹೇಳಿದ್ದು ಸರಿಯಾಗಿತ್ತು, ನಾನು ಹೇಳಿದ್ದು ತಪ್ಪು, ತಪ್ಪಿಗಿಂತ ಹೆಚ್ಚಾಗಿ ನಿನ್ನ ತಂದೆಯನ್ನು ನಗೆಗೀಡು ಮಾಡಿದ್ದು ಅನ್ಯಾಯ, ಕ್ಷಮಿಸು ಎಂದು ಬರೆದೆ. ಕಳುಹಿಸುವ ಮುನ್ನ ನಾಲ್ಕು ಸಲ ಓದಿದೆ.

ಅವನು ಪತ್ರ ಬರೆಯಲಿಲ್ಲ, ದೂರವಾಣಿ ಮಾಡಿದ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ಸಾರ್’ ಹೋಗಿ ಹಳೆಯ ‘ಸಾ’ ಬಂತು.

“ಸಾ, ಆ ಹೆಸರು ಎಸ್ಸೆಸ್ಸೆಲ್ಸಿ ಮುಗಿಯೋ ತನಕ ಇತ್ತು. ಅದಕ್ಕೇ ನಾನು ಪಿಯುಸಿಗೆ ಚಳ್ಳಕೆರೆಗೆ ಸೇರಲಿಲ್ಲ. ನಮ್ಮ ಹುಡುಗರೆಲ್ಲ ಅಲ್ಲೇ ಇದ್ದರು. ಅಪ್ಪನ ಹತ್ತಿರ ಗಲಾಟೆ ಮಾಡಿ ದುರ್ಗಕ್ಕೆ ಹೋದೆ. ಯಾಕೆ ಅಂತ ಅಪ್ಪನಿಗೆ ಹೇಳಲಿಲ್ಲ.”

ದುರ್ಗದಲ್ಲಿ ಓದಿದ್ದರಿಂದಲೇ ಮುಂದೆ ಬಂದೆ ಎಂದು ಅವನು ಹೇಳಬಹುದೇನೋ, ನನ್ನ ಮನಸ್ಸಿಗೆ ಅಷ್ಟು ಸಮಾಧಾನ ಸಿಗಬಹುದೇನೋ ಎಂದು ಕಾದೆ. ಅವನು ಹಾಗೆ ಹೇಳಲಿಲ್ಲ. ಅವನ ತಂದೆ ತೀರಿಕೊಂಡು ಆರು ವರ್ಷವಾಯಿತಂತೆ. ನನಗೆ ಗೊತ್ತಿರಲಿಲ್ಲ.

“ಅದಿರಲಿ ಸಾ,” ಎಂದ. “ದಶಮಿ ಲೆಕ್ಕ ಸರಿಯಾಗಿದೆ, ಟೇಬಲ್ ಜೊತೆ ಹೋಲಿಸಿ ನೋಡಿದೆ, ಹತ್ತು ನಿಮಿಷ ಹೆಚ್ಚುಕಡಿಮೆ ಅಷ್ಟೇ. ಲೈಫ್ ಜಾಕೆಟ್ ತರಬೇಕು, ಅಮ್ಮನವರ ಅಳತೆ ಕಳಿಸಿ. ಬರುವಾಗ ಒಂದು ಚಳ್ಳಕೆರೆ ಕಂಬಳಿ ತಂದುಬಿಡಿ. ಬೇಸಿಗೆಯಾದರೂ ನೀರಿನ ಮೇಲೆ ಗಾಳಿ ಕೊರೆಯುತ್ತೆ. ಮತ್ತೆ ದೋಣಿಯಲ್ಲಿ ನೀರಿನ ವೇಳೆ ನೋಡಿ ಹೇಳೋ ಕೆಲಸ ನಿಮ್ಮದು. ನಾನು ಸ್ಟಿಯರಿಂಗ್ ಹಿಡಿದಿರ್ತೀನಿ.”

ಸೀರೆಯ ಮೇಲೆ ಲೈಫ್ ಜಾಕೆಟ್ ಹೇಗೆ ತೊಡುವುದೆಂಬ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಕರಿ ಕಂಬಳಿಗೆ ಹೇಳಿದ್ದೇನೆ, ಬರುವ ಸೋಮವಾರ ಕೊಡುತ್ತಾರೆ. ಅವನು ಕಳುಹಿಸಿದ ಇಡೀ ವರ್ಷದ ಉಬ್ಬರದ ಪಟ್ಟಿಯನ್ನು ಮುದ್ರಿಸಿ ಪಂಚಾಂಗದ ಪಕ್ಕದಲ್ಲಿ ತೂಗುಹಾಕಿದ್ದೇನೆ. ಬೆಳಿಗ್ಗೆ ಎದ್ದೊಡನೆ ಎರಡನ್ನೂ ನೋಡುತ್ತೇನೆ. ಇಂದು ಏಕಾದಶಿ.