ಯಂತ್ರದ ದುರಸ್ತಿ, ಮಾತಿನ ಹೊಣೆ

ಮನೆಯ ಮಿಕ್ಸಿ ಕೆಟ್ಟರೆ ಅಡಿಗೆ ತಡವಾಗುತ್ತದೆ. ದೂರದರ್ಶನ ಕೆಟ್ಟರೆ ಮನೆ ಕೊಂಚ ಶಾಂತವಾಗುತ್ತದೆ. ಗಣಕಯಂತ್ರ ಕೆಟ್ಟಾಗ ಹುಟ್ಟುವ ದಿಗಿಲು ಬೇರೆ ಬಗೆಯದು. ಯಂತ್ರವನ್ನು ಮತ್ತೆ ಕೊಳ್ಳಬಹುದು. ಅದರೊಳಗೆ ಇಟ್ಟ ಬರಹ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ದಾವಣಗೆರೆಯ ಹತ್ತಿ ಗಿರಣಿಯೊಂದರ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಹಿರಿಯರೊಬ್ಬರಿಗೆ 2014ರ ಮಳೆಗಾಲದಲ್ಲಿ ಈ ದಿಗಿಲು ಬಂದೊದಗಿತು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ನೆನಪುಗಳನ್ನು ಅವರು ಬರೆದಿಟ್ಟಿದ್ದರು. ಪಾಳಿ ಬದಲಾಗುವಾಗಿನ ಸೈರನ್ನಿನ ಕೂಗು, ನೂಲುವ ಕೆಲಸಗಾರರ ಆಡುಮಾತು, ಗಿರಣಿಯ ಬಾಗಿಲು ಮುಚ್ಚಿದ ದಿನಗಳ ಬವಣೆ, ಎಲ್ಲವನ್ನೂ ಏಳೆಂಟು ವರ್ಷ ಒಂದೊಂದೇ ಬೆರಳಿನಿಂದ ಕನ್ನಡದಲ್ಲಿ ಟೈಪು ಮಾಡಿದ್ದರು. ಅವರಿಗೆ ಆ ಸಂಗತಿಗಳನ್ನು ಹೇಳಿದವರಲ್ಲಿ ಅನೇಕರು ಆಗಲೇ ತೀರಿಕೊಂಡಿದ್ದರು. ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಕಂಡದ್ದು ಕಪ್ಪು ಪರದೆ ಮತ್ತು ಒಂದು ಸಾಲು ಇಂಗ್ಲಿಷು.

ವಾರ್ಷಿಕ ಸೇವೆಗೆಂದು ಹಣ ಕಟ್ಟಿಸಿಕೊಂಡಿದ್ದ ಕಂಪೆನಿಗೆ ಫೋನು ಮಾಡಿದರು. ಇಂಗ್ಲಿಷಿಗೆ ಒಂದನ್ನು ಒತ್ತಬೇಕು, ಹಿಂದಿಗೆ ಎರಡನ್ನು. ಕನ್ನಡಕ್ಕೆ ಒತ್ತಲು ಅಂಕಿಯೇ ಇರಲಿಲ್ಲ. ಪ್ರತಿ ಸಲವೂ ಹೊಸ ದನಿ. ಪ್ರತಿ ಸಲವೂ ಹೆಸರು, ವಿಳಾಸ, ಯಂತ್ರದ ಕ್ರಮಸಂಖ್ಯೆ ಮೊದಲಿನಿಂದ. ನಾಲ್ಕನೆಯ ಸಲ ಉತ್ತರ ಬಂತು: "ಸರ್, ನಿಮ್ಮದು ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಈಗ ಸಪೋರ್ಟ್ ಇಲ್ಲ. ಫಾರ್ಮ್ಯಾಟ್ ಮಾಡಿ, ಸರಿಹೋಗುತ್ತದೆ."

ಸಪೋರ್ಟ್ ಇಲ್ಲವೆಂಬುದು ಸುಳ್ಳಲ್ಲ. ಮೈಕ್ರೋಸಾಫ್ಟ್ ಸಂಸ್ಥೆ ಎಕ್ಸ್‌ಪಿಗೆ ನೆರವನ್ನು 2014ರ ಏಪ್ರಿಲ್ 8ರಂದು ನಿಲ್ಲಿಸಿತ್ತು. ಆದರೆ ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿರುವ ಬರಹಗಳೂ ಅಳಿದುಹೋಗುತ್ತವೆ ಎಂಬ ಒಂದು ಮಾತನ್ನು ಆ ದನಿ ಹೇಳಲಿಲ್ಲ. ಉಗ್ರಾಣದ ಬೀಗ ಹಿಡಿದುಕೊಂಡಿದೆಯೆಂದು ಬಂದವನಿಗೆ ದವಸವನ್ನೇ ಸುಟ್ಟುಬಿಡು ಎಂದಂತಾಯಿತು. ಅರ್ಧ ಹೇಳಿದ ಸತ್ಯವು ಎಷ್ಟೋ ವೇಳೆ ಪೂರಾ ಸುಳ್ಳಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಅಂದು ಸಂಜೆ ಮೊಬೈಲಿಗೆ ಸಂದೇಶವೂ ಬಂದಿತು: ನಿಮ್ಮ ದೂರು ಪರಿಹಾರವಾಗಿದೆ.

ಮಗನಿಗೆ ಸಿಟ್ಟು ತಡೆಯಲಾಗಲಿಲ್ಲ. ಮತ್ತೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬಯ್ದನು. ಆ ಕಡೆ ಇದ್ದವಳು ಸಂಬಳಕ್ಕೆ ದುಡಿಯುವ ಒಬ್ಬ ಹುಡುಗಿ. ಎದುರಿಗಿಟ್ಟ ಕಾಗದದಲ್ಲಿ ಬರೆದದ್ದನ್ನು ಓದುವುದಷ್ಟೇ ಅವಳ ಅಧಿಕಾರ. ದೂರು ಮುಗಿಯಿತೆಂದು ಗುರುತು ಹಾಕದಿದ್ದರೆ ಅವಳ ಲೆಕ್ಕದಲ್ಲಿ ಅದು ಕೊರತೆಯಾಗಿ ಉಳಿಯುತ್ತದೆ. ಸುಳ್ಳು ಬರೆದದ್ದು ಅವಳ ಬೆರಳೇ ಹೌದು. ಬರೆಯಿಸಿದವರು ಫೋನಿಗೆ ಸಿಗುವವರಲ್ಲ. ಸಿಟ್ಟು ಸಲ್ಲಬೇಕಾದ ವಿಳಾಸ ಬೇರೆ ಇತ್ತು. ಈಗ ಅದಕ್ಕೆ ದಾರಿ ಮೊದಲಿಗಿಂತ ಸುಲಭವಾಗಿದೆ: 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಕಂಪೆನಿ ಎಲ್ಲಿಯೇ ಇರಲಿ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಕೊನೆಗೆ ಯಾರೋ ಹೇಳಿದರೆಂದು ಆ ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಹರಿಹರಕ್ಕೆ ಒಯ್ದರು. ಹೊಳೆಯ ಕಡೆ ಹೋಗುವ ಬೀದಿಯಲ್ಲಿ ಒಂದು ಬಾಗಿಲಿನ ಅಂಗಡಿ. ಹುಡುಗ ಪೆಟ್ಟಿಗೆ ಬಿಚ್ಚುವ ಮೊದಲು ಕೇಳಿದ್ದು, "ಒಳಗೆ ಏನೈತಿ?" ಎಂದು. ಕೇಳಿದ ಮೇಲೆ ಹೇಳಿದ: "ಯಜಮಾನ್ರೇ, ಮೊದ್ಲು ಅದನ್ನ ಬೇರೆ ಕಡೆ ತೆಗೆದಿಟ್ಕಳಾಣ. ರಿಪೇರಿ ಆಮೇಲೆ ನೋಡಾಣ."

ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿದಾಗ ಕಡತಗಳೆಲ್ಲ ಇದ್ದವು. ತೆರೆದು ನೋಡಿದರೆ ಕನ್ನಡವಿಲ್ಲ. ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಹಿರಿಯರು ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕುಳಿತರು. ಇದು ಆ ಕಾಲದಲ್ಲಿ ಬರೆದ ಸಾವಿರಾರು ಕನ್ನಡಿಗರ ಅನುಭವ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿಯೇ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. ಆ ಅಕ್ಷರಶೈಲಿ ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯದು. ಯೂನಿಕೋಡ್ ವ್ಯವಸ್ಥೆ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಟ್ಟಿತ್ತು. 2001ರ ಎಕ್ಸ್‌ಪಿಯೊಡನೆ ತುಂಗಾ ಎಂಬ ಯೂನಿಕೋಡ್ ಅಕ್ಷರಶೈಲಿಯೂ ಬಂದಿತ್ತು. ಹರಿಹರದ ಹೊಳೆಯ ಅರ್ಧ ಹೆಸರು ಹೊತ್ತ ಆ ಅಕ್ಷರ ಹಿರಿಯರ ಯಂತ್ರದಲ್ಲಿಯೇ ಇತ್ತು. ಇದೆಯೆಂದು ಯಾರೂ ಹೇಳಿರಲಿಲ್ಲ.

ಹುಡುಗ ನುಡಿ ತಂತ್ರಾಂಶವನ್ನು ಹಾಕಿದ. ಪರದೆಯ ಮೇಲೆ ಗಿರಣಿಯ ಸೈರನ್ನಿನ ಅಧ್ಯಾಯ ಕನ್ನಡವಾಗಿ ನಿಂತಿತು. ಬಳಿಕ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ ಎರಡು ಪೆನ್‌ಡ್ರೈವಿಗೆ ತುಂಬಿ, ಒಂದನ್ನು ಮಗನ ಬಳಿ ಬೇರೆಯಾಗಿ ಇಟ್ಟಿರಲು ಹೇಳಿದ. ಪರಿವರ್ತನೆಯಲ್ಲಿ ಅಲ್ಲಲ್ಲಿ ಒತ್ತಕ್ಷರಗಳು, ಅರ್ಕಾವತ್ತು ಕೆಟ್ಟಿದ್ದವು. ಅವನ್ನು ತಿದ್ದುತ್ತ ಹಿರಿಯರು ದೀಪಾವಳಿಯವರೆಗೂ ಕುಳಿತಿದ್ದರು.