ಹಂಪೆಯ ರಥಬೀದಿಯೂ ನಮ್ಮ ಹೊಣೆಯೂ

ಗುಡಿಯನ್ನು ಕಟ್ಟಿಸಿದ ಅರಸನ ಹೆಸರನ್ನು ಶಾಸನವು ಕಾಪಾಡುತ್ತದೆ. ಗುಡಿಯ ಮುಂದಣ ಬೀದಿಯನ್ನು ಬಾಳಿಸಿದವರ ಹೆಸರು ಮಾತ್ರ ಕಲ್ಲಿನ ಮೇಲೆ ಸಿಗುವುದು ಅಪರೂಪ. ಕಾಯಿ-ಕರ್ಪೂರ ಮಾರುವವರು, ಹೂ ಕಟ್ಟುವವರು, ದಣಿದು ಬಂದ ಯಾತ್ರಿಕರಿಗೆ ನೀರು-ನೆರಳು ಕೊಡುವವರು, ತೇರಿನ ಮಿಣಿಗೆ ಕೈ ಹಚ್ಚುವವರು ಎಲ್ಲರೂ ಸೇರಿದಾಗಲೇ ಬೀದಿಗೆ ಜೀವ. ತಂಬೂರಿನ ಬಸವಣ್ಣನ ಗುಡಿಗೆ ಹೋದಾಗಲೆಲ್ಲ ನಮಗೆ ಹಂಪೆಯ ವಿರೂಪಾಕ್ಷನ ರಥಬೀದಿ ನೆನಪಾಗುತ್ತದೆ. ಅಲ್ಲಿಯೂ ಬೀದಿಯ ಕೊನೆಗೆ ಏಕಶಿಲೆಯ ಎದುರು ಬಸವಣ್ಣನು ವಿರೂಪಾಕ್ಷನನ್ನೇ ನೋಡುತ್ತ ಕುಳಿತಿದ್ದಾನೆ.

ದೊಡ್ಡ ಗೋಪುರದಿಂದ ಮೂಡಲಿಗೆ ಮತಂಗ ಬೆಟ್ಟದ ಬುಡದವರೆಗೆ ಈ ಬೀದಿಯ ಉದ್ದ ಸುಮಾರು ಮುಕ್ಕಾಲು ಕಿಲೋಮೀಟರು. ಎರಡೂ ಬದಿಗೆ ಕಲ್ಲುಕಂಬದ ಮಂಟಪಗಳ ಸಾಲು. ಕೆಲವು ಎರಡು ಅಂತಸ್ತಿನವು. ಕೃಷ್ಣದೇವರಾಯನು ಪಟ್ಟಾಭಿಷೇಕದ ನೆನಪಿಗಾಗಿ ಇಲ್ಲಿ ರಂಗಮಂಟಪವನ್ನೂ ಗೋಪುರವನ್ನೂ ಕಟ್ಟಿಸಿದನೆಂದು 1510ರ ಶಾಸನವು ಸಾರುತ್ತದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸನು ಗುಡಿಯ ಮುಂದಣ ಚೆಲುವಾದ ಬೀದಿಯನ್ನೂ ಯಾತ್ರಿಕರು ತಂಗುವ ಮನೆಗಳನ್ನೂ ಬಣ್ಣಿಸಿದ್ದಾನೆ. ಬೀದಿಯು ಹುಟ್ಟಿದ್ದೇ ಜನರ ವಾಸಕ್ಕಾಗಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಶರಣ ಸಾಹಿತ್ಯಕ್ಕೂ ಈ ಕ್ಷೇತ್ರವು ತವರು. ಹರಿಹರ ಕವಿಯು ಹಂಪೆಯ ವಿರೂಪಾಕ್ಷನ ಪರಮಭಕ್ತ. ಅವನ ಸೋದರಳಿಯ ರಾಘವಾಂಕ. ಪ್ರೌಢದೇವರಾಯನ ಕಾಲದಲ್ಲಿ ಚಾಮರಸನು ‘ಪ್ರಭುಲಿಂಗಲೀಲೆ’ಯನ್ನೂ ಲಕ್ಕಣ್ಣ ದಂಡೇಶನು ‘ಶಿವತತ್ತ್ವ ಚಿಂತಾಮಣಿ’ಯನ್ನೂ ರಚಿಸಿದರು. 1565ರ ಯುದ್ಧದ ತರುವಾಯ ರಾಜಧಾನಿಯು ಹಾಳಾಯಿತು. ವಿಠ್ಠಲನ ಬೀದಿ, ಅಚ್ಯುತರಾಯನ ಪೇಟೆ ಬರಿದಾಗಿ ನಿಂತವು. ವಿರೂಪಾಕ್ಷನ ಪೂಜೆಯೊಂದು ನಡೆದುಬಂದಿತು. ಅದರ ಆಸರೆಯಲ್ಲಿ ಈ ಬೀದಿಯೂ ಮತ್ತೆ ಜನರನ್ನು ಕಂಡಿತು.

1970ರ ದಶಕದ ಕೊನೆಯಲ್ಲಿ, ಮಠದಲ್ಲಿ ಓದುತ್ತಿದ್ದಾಗ, ಗುರುಗಳ ಸಂಗಡ ಚೈತ್ರದ ಹುಣ್ಣಿಮೆಯ ತೇರಿಗೆ ಹೋಗಿದ್ದೆವು. ಮಂಟಪವೊಂದರಲ್ಲಿ ಒಲೆ ಹೂಡಿ, ಮುಂದೆ ವಿಭೂತಿ-ಕುಂಕುಮದ ಅಂಗಡಿ ಇಟ್ಟುಕೊಂಡ ತಾಯಿಯೊಬ್ಬಳು ಇದ್ದಳು. “ಅಜ್ಜಾರ, ಮಠದ ಹುಡುಗ್ರು ಹಸದು ಮಲಗಬಾರದ್ರಿ” ಎಂದು ನಮಗೆಲ್ಲ ಬಿಸಿ ರೊಟ್ಟಿ, ಪುಂಡಿಪಲ್ಯ ನೀಡಿದಳು. ಹಣವನ್ನು ಮುಟ್ಟಲಿಲ್ಲ. ಅಂದು ನಮಗೆ ಪಾಠದಲ್ಲಿ ಮಾತ್ರ ತಿಳಿದಿದ್ದ ದಾಸೋಹವು ಆ ಕಲ್ಲುಕಂಬಗಳ ನಡುವೆ ಕಣ್ಣಿಗೆ ಬಿತ್ತು.

ಬರಬರುತ್ತ ಬೀದಿಯಲ್ಲಿ ಅಂಗಡಿ-ಹೋಟೆಲುಗಳು ಹೆಚ್ಚಿದವು. ಕಂಬಗಳ ನಡುವೆ ಗೋಡೆಗಳೆದ್ದವು. ಸಿಮೆಂಟು, ಸುಣ್ಣ, ಮೊಳೆಗಳಿಂದ ಶಿಲ್ಪಗಳಿಗೆ ಪೆಟ್ಟಾದುದು ಸುಳ್ಳಲ್ಲ. 1986ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸ್ಥಳವಿದು, ರಕ್ಷಣೆ ಆಗಲೇಬೇಕಿತ್ತು. ಆದರೆ 2011ರ ಜುಲೈ ತಿಂಗಳ ಕೊನೆಯಲ್ಲಿ ಬೀದಿಯನ್ನು ತೆರವುಗೊಳಿಸಿದಾಗ ನೂರಾರು ಕುಟುಂಬಗಳು ಒಮ್ಮೆಲೇ ನೆಲೆ ಕಳೆದುಕೊಂಡವು. ಅವರಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಲಾಯಿತು. ಮುಂದೆ ಕೆಲ ವರ್ಷಗಳಿಗೆ ಅಲ್ಲಿ ಆ ತಾಯಿಯ ಮಗನನ್ನು ಕಂಡೆವು. ತಾಯಿಯು ಇರುವತನಕ ಪ್ರತಿ ತೇರಿಗೂ ಬಂದು, ತನ್ನ ಒಲೆಯಿದ್ದ ಕಂಬದ ಬುಡಕ್ಕೆ ಕಾಯಿ ಒಡೆದು ಹೋಗುತ್ತಿದ್ದಳೆಂದು ಅವನು ಹೇಳಿದನು. ನಮಗೆ ಮಾತು ಹೊರಡಲಿಲ್ಲ.

ಕಲ್ಲನ್ನೂ ಜನರನ್ನೂ ಕೂಡಿಯೇ ಕಾಯಲು ಸಾಧ್ಯವಿಲ್ಲವೇ ಎಂದು ವಿಚಾರಿಸುವಾಗ, ನಾವು ಓದಿ ತಿಳಿದ ದೂರದೇಶದ ಒಂದು ಬೀದಿಯನ್ನು ಇಲ್ಲಿ ಹೇಳಬೇಕು. ಇಂಗ್ಲೆಂಡಿನ ವೆಲ್ಸ್ ಎಂಬ ಪುಟ್ಟ ನಗರದಲ್ಲಿ, ಅಲ್ಲಿಯ ಪ್ರಧಾನ ಚರ್ಚಿನ ಬಳಿ, ವಿಕರ್ಸ್ ಕ್ಲೋಸ್ ಎಂಬ ಬೀದಿಯಿದೆ. 14ನೆಯ ಶತಮಾನದಲ್ಲಿ ರಾಲ್ಫ್ ಎಂಬ ಬಿಷಪ್ಪನು ಪ್ರಾರ್ಥನಾ ಗೀತೆ ಹಾಡುವವರು ಕೂಡಿ ಬಾಳಲೆಂದು ಅದನ್ನು ಕಟ್ಟಿಸಿದನು. ಒಂದು ತುದಿಗೆ ಊಟದ ಮನೆ, ಇನ್ನೊಂದು ತುದಿಗೆ ಪ್ರಾರ್ಥನಾ ಮಂದಿರ, ನಡುವೆ ಎರಡು ಸಾಲು ಮನೆ. ನಮ್ಮ ಮಠದ ಅಂಗಳವನ್ನೇ ಉದ್ದಕ್ಕೆ ಎಳೆದಂತೆ! ಮೊದಲಿಗೆ ನಲವತ್ತಕ್ಕೂ ಹೆಚ್ಚು ಮನೆಗಳಿದ್ದವು. ಹಾಡುವವರಿಗೆ ಮದುವೆಯ ಅನುಮತಿ ದೊರೆತು ಸಂಸಾರಗಳು ಬೆಳೆದಾಗ ಮನೆಗಳನ್ನು ಒಂದಕ್ಕೊಂದು ಕೂಡಿಸಿಕೊಂಡರು. ಈಗ 27 ಉಳಿದಿವೆ. ಕಟ್ಟಡವು ಬಾಳುವೆಗೆ ಹೊಂದಿಕೊಂಡಿತು, ಬಾಳುವೆಯು ಕಟ್ಟಡಕ್ಕೆ ಹೊಂದಿಕೊಂಡಿತು. ಹಾಡುವವರು ಇಂದಿಗೂ ಅಲ್ಲಿಯೇ ಇದ್ದಾರೆ. ಹಂಪೆಗೆ ಅದೇ ಕ್ರಮವು ಹೊಂದೀತೆಂದು ನಾವು ಹೇಳುವುದಿಲ್ಲ. ಆದರೂ ಹಳೆಯದನ್ನು ಕಾಯಲು ಜನರನ್ನು ಪೂರಾ ದೂರವಿಡಲೇಬೇಕೆಂಬ ನಿಯಮವಿಲ್ಲವೆಂಬುದು ಅದರಿಂದ ತಿಳಿಯುತ್ತದೆ.

ಸ್ಥಾವರ, ಜಂಗಮ ಎಂಬ ಮಾತುಗಳ ಅರ್ಥವನ್ನು ನಮ್ಮ ಮನೆತನಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಂಗಮವಿಲ್ಲದ ಬೀದಿಯಲ್ಲಿ ಕಂಬಗಳಿರುತ್ತವೆ, ಕರೆದು ಉಣಿಸುವವರು ಇರುವುದಿಲ್ಲ.

ಹಂಪೆಯ ನಿರ್ಣಯವು ನಮ್ಮ ಕೈಯಲ್ಲಿಲ್ಲ. ನಮ್ಮೂರಿನ ಓಣಿಯು ಇದೆ. ಮಠದ ಹಳೆಯ ಕಲ್ಲಿನ ಬಾಗಿಲವಾಡಕ್ಕೆ ಎಣ್ಣೆಬಣ್ಣ ಬಳಿಯುವ ಮುನ್ನ, ಶಾಸನದ ಕಲ್ಲನ್ನು ಬಟ್ಟೆ ಒಗೆಯುವ ಹಾಸುಗಲ್ಲು ಮಾಡುವ ಮುನ್ನ, ಅಗಸಿಯನ್ನು ಕೆಡವಿ ಕಾಂಕ್ರೀಟಿನ ಕಮಾನು ಎತ್ತುವ ಮುನ್ನ ಹಿರಿಯರು ಕುಳಿತು ಒಂದು ಸಲ ವಿಚಾರ ಮಾಡಲಿ. ಸೋರುವ ಮಾಳಿಗೆಯನ್ನು ತಿದ್ದಲಿ, ಅಲ್ಲಿ ಬಾಳುವ ಬಡವನನ್ನೂ ಉಳಿಸಿಕೊಳ್ಳಲಿ. ಜಾತ್ರೆಯ ದಿನ ಕಟ್ಟೆಯ ಮೇಲೆ ಕುಳಿತ ಪರಊರಿನವರನ್ನು “ಉಂಡೀರೇನ್ರಿ?” ಎಂದು ಕೇಳುವ ಮನೆಯೊಂದು ಇರುವವರೆಗೆ ಆ ಬೀದಿಗೆ ಅಳಿವಿಲ್ಲ.